ಗೊಬ್ಬರದ ಚೀಲ ತೊಳೆದ ಕೆರೆ

೧೯೮೬ರಲ್ಲಿ ನಾನು ಹೊನ್ನಾಳಿಯಲ್ಲಿ ಮಣ್ಣು ಪರೀಕ್ಷೆಯ ಸಹಾಯಕ ಅಧಿಕಾರಿಯಾಗಿದ್ದೆ. ರೈತರು ತಂದ ಹೊಲದ ಮಣ್ಣಿನಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟಿದೆ, ಮಣ್ಣು ಹುಳಿಯೋ ಚೌಳೋ ಎಂದು ನೋಡಿ ಹೇಳುವುದು ನನ್ನ ಕೆಲಸ. ಆ ಬೇಸಿಗೆಯಲ್ಲಿ ಹತ್ತಿರದ ಹಳ್ಳಿಯಿಂದ ಕುಂಬಾರರ ಗಂಗಮ್ಮ ಒಂದು ಬುಟ್ಟಿ ಜೇಡಿಮಣ್ಣು ಹೊತ್ತು ಬಂದರು.

"ಈ ಮಣ್ಣಿಗೆ ಏನಾಗೈತೆ ನೋಡ್ರಿ ಸಾಹೇಬ್ರೆ. ಗಡಿಗೆ ಸೋರ್ತಾವೆ. ಹಿಂಗೆ ಯಾವತ್ತೂ ಆಗಿದ್ದಿಲ್ಲ."

ಬರೀ ನೀರಿನ ಕೊಡ ಸೋರಿದ್ದರೆ ಅವರು ನನ್ನ ತನಕ ಬರುತ್ತಿರಲಿಲ್ಲ. ಮದುವೆಯ ಹಂದರದಲ್ಲಿ ಪೂಜೆಗಿಡುವ ಐರಣಿ ಗಡಿಗೆಗಳನ್ನು ಕುಂಬಾರರ ಮನೆಯಿಂದ ವಾದ್ಯದ ಜೊತೆ ತರುವುದು ನಮ್ಮ ಕಡೆಯ ಪದ್ಧತಿ. ದೊಡ್ಡ ಮನೆಯೊಂದರ ಹಂದರದಲ್ಲಿ ಆ ಗಡಿಗೆ ಎಲ್ಲರ ಕಣ್ಣೆದುರೇ ಸೋರಿತ್ತು. ಅಪಶಕುನವೆಂದು ಗುಲ್ಲಾಯಿತು. ಗಂಗಮ್ಮನ ಕೈಗುಣ ಕೆಟ್ಟಿದೆ, ಇನ್ನು ಮೇಲೆ ಐರಣಿ ಬೇರೆ ಊರಿಂದ ತರೋಣ ಎಂದು ಹಿರಿಯರು ಮಾತಾಡಿಕೊಂಡಿದ್ದರು. ಗಂಗಮ್ಮನಿಗೆ ಅತ್ತೆಯ ಕಾಲದಿಂದ ಬಂದ ಐರಣಿ ಕೊಡುವ ಹಕ್ಕು ಕೈತಪ್ಪುವುದರಲ್ಲಿತ್ತು.

ನಮ್ಮ ಪರೀಕ್ಷೆಗಳಲ್ಲೆಲ್ಲ ಆ ಮಣ್ಣು ಪಾಸಾಯಿತು. "ಮಣ್ಣು ಉತ್ತಮವಾಗಿದೆ ಅಂತ ಹೇಳಿ ಕಳಿಸ್ರೀ, ಗಡಿಗೆ ಸೋರಿದ್ರೆ ನಾವೇನು ಮಾಡಾಕಾಗುತ್ತೆ?" ಎಂದು ಮೇಲಧಿಕಾರಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮಣ್ಣು ಉತ್ತಮವೆಂದರೆ ಆಕೆಯ ಕೈ ಕೆಟ್ಟದ್ದೆಂದು ಸರ್ಕಾರವೇ ಹೇಳಿದಂತಾಗುತ್ತಿತ್ತು.

ಮಣ್ಣನ್ನು ನೀರಿನಲ್ಲಿ ಕದಡಿ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿದೆ. ಬಿಳಿ ಎಳೆಗಳು ಉಳಿದವು. ಬೇರಿರಬೇಕೆಂದು ಬೆಂಕಿ ಕಡ್ಡಿ ತಾಗಿಸಿದರೆ ಕರಗಿ ಹನಿಯಾಯಿತು, ಮೇಣದ ಬತ್ತಿಯ ವಾಸನೆ ಬಂತು. ಅದು ಪ್ಲಾಸ್ಟಿಕ್. ಮಣ್ಣು ತುಳಿದು ಹದ ಮಾಡುವಾಗ ಕಲ್ಲಾದರೆ ಕಾಲಿಗೆ ಚುಚ್ಚುತ್ತದೆ, ಈ ಎಳೆ ಗೊತ್ತೇ ಆಗುವುದಿಲ್ಲ. ಗಡಿಗೆ ಸುಡುವಾಗ ಅದು ಉರಿದುಹೋಗಿ, ಇದ್ದ ಜಾಗದಲ್ಲಿ ಸಣ್ಣ ತೂತು ಉಳಿಯುತ್ತದೆ.

ಗಂಗಮ್ಮನ ಜೊತೆ ಅವರ ಊರಿನ ಕೆರೆಗೆ ಹೋದೆ. ಗೋಣಿಯ ಬದಲು ಪ್ಲಾಸ್ಟಿಕ್ ಎಳೆಯಲ್ಲಿ ನೇಯ್ದ ಗೊಬ್ಬರದ ಚೀಲಗಳು ಬರತೊಡಗಿದ್ದ ಕಾಲ ಅದು. ಒಬ್ಬ ವ್ಯಾಪಾರಿ ಖಾಲಿ ಚೀಲಗಳನ್ನು ಕೊಂಡು, ಕಾಳು ತುಂಬುವವರಿಗೆ ಮಾರಲು ಕೂಲಿಯವರಿಂದ ಅಲ್ಲಿ ತೊಳೆಸುತ್ತಿದ್ದ. ಗೋಣಿಯನ್ನು ಬಡಿದಂತೆಯೇ ಇವನ್ನೂ ಕಲ್ಲಿಗೆ ಬಡಿಯುತ್ತಿದ್ದರು. ಬಿಸಿಲಿಗೆ ಪೆಡಸಾದ ಎಳೆಗಳು ಏಟು ಬಿದ್ದಾಗಲೆಲ್ಲ ಉದುರಿ ನೀರು ಸೇರುತ್ತಿದ್ದವು. ಗಂಗಮ್ಮ ಮಣ್ಣು ತೆಗೆಯುವ ಗುಂಡಿ ಅಲ್ಲಿಂದ ಕೂಗಳತೆ ದೂರ.

"ದಾರ ಅಲ್ವೇನ್ರೀ ಸಾರ್, ವಿಷ ಏನಲ್ಲವಲ್ಲ. ನಾಲ್ಕು ದಿನಕ್ಕೆ ಕೊಳೆತು ಹೋಗ್ತೈತೆ ಬಿಡ್ರಿ," ಎಂದ ವ್ಯಾಪಾರಿ.

"ಕೊಳೆಯೋದಿಲ್ಲ ಕಣಯ್ಯಾ! ನಿನ್ನ ಮೊಮ್ಮಕ್ಕಳ ಕಾಲಕ್ಕೂ ಹಂಗೇ ಇರ್ತೈತೆ!" ಎಂದು ಕೂಗಾಡಿಬಿಟ್ಟೆ.

ಊರ ಹಿರಿಯರನ್ನು ಸೇರಿಸಿ ಅವರೆದುರೇ ಎಳೆ ಸುಟ್ಟು ತೋರಿಸಿದೆ. ಬೇರೆ ಕಡೆಯ ಮಣ್ಣು ತಂದು ಗಂಗಮ್ಮ ಮಾಡಿದ್ದ ಗಡಿಗೆಗೆ ನೀರು ತುಂಬಿಸಿದೆ, ಒಂದು ಹನಿ ಸೋರಲಿಲ್ಲ. ಹಿರಿಯರು ಒಪ್ಪಿದರು, ಐರಣಿಯ ಹಕ್ಕು ಗಂಗಮ್ಮನಿಗೇ ಉಳಿಯಿತು. ವ್ಯಾಪಾರಿಯೂ ಕೈಮುಗಿದ. "ಆಗ್ಲಿ, ಈ ಕೆರೆ ಬಿಡ್ತೀನಿ. ನ್ಯಾಮತಿ ಕಡೆ ಒಂದು ಕೆರೆ ಐತೆ, ಅಲ್ಲಿ ತೊಳೆಸ್ತೀನಿ." ಬಗೆಹರಿಯಿತೆಂದು ಎಲ್ಲರೂ ಎದ್ದರು.

ಗಂಗಮ್ಮ ಏಳಲಿಲ್ಲ. "ಅಲ್ಲಿ ಕುಂಬಾರ್ರು ಇಲ್ವೇನ್ರೀ?" ಎಂದು ಕೇಳಿದರು.

ಮುಂದಿನ ವಾರ ನಾನು ನ್ಯಾಮತಿ ಕಡೆಯ ಆ ಕೆರೆಗೆ ಹೋಗುವಷ್ಟರಲ್ಲಿ ಚೀಲ ಬಡಿಯುವ ಸದ್ದು ದೂರದಿಂದಲೇ ಕೇಳುತ್ತಿತ್ತು. ತಡೆಯಲು ನನಗೆ ಅಧಿಕಾರವಿರಲಿಲ್ಲ, ಅಧಿಕಾರವಿದ್ದವರಿಗೆ ಪುರುಸೊತ್ತಿರಲಿಲ್ಲ. ಆಮೇಲೆ ಚನ್ನಗಿರಿಗೆ, ಜಗಳೂರಿಗೆ ವರ್ಗವಾದೆ. ಅಲ್ಲಿನ ಕೆರೆಗಳ ಹೂಳಿನಲ್ಲೂ ಅದೇ ಬಿಳಿ ಎಳೆ ಕಂಡು ಹಲ್ಲು ಕಚ್ಚಿಕೊಂಡಿದ್ದೇನೆ. ಕಸ ತೊಲಗಿತೆಂದು ನಾವು ಎದ್ದು ಹೊರಡುವ ಹೊತ್ತಿಗೆ ಅದು ಇನ್ಯಾರದೋ ಅನ್ನಕ್ಕೆ ಕಲ್ಲು ಹಾಕಲು ಹೊರಟಿರುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಿವೃತ್ತಿಯಾಗುವ ತನಕ ನಾನು ಯಾರಿಗೂ 'ಬೇರೆ ಕಡೆ ಹಾಕಿ' ಎಂಬ ಸಲಹೆ ಕೊಡಲಿಲ್ಲ.