ಫೆಲಿಕ್ಸ್ ಅಂಕಲ್ ಗಂಟಲು, ಫ್ರಾನ್ಸಿನ ಗೇಮು

ಕಳೆದ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಕಾಗದವೊಂದನ್ನು ಹಿಡಿದು ಫೆಲಿಕ್ಸ್ ಅಂಕಲ್ ಮನೆ ಬಾಗಿಲಲ್ಲಿ ನಿಂತಿದ್ದೆ. ಕಾಗದದಲ್ಲಿ ಇದ್ದದ್ದು ಇಷ್ಟೇ: 'ನನ್ನ ದನಿಯನ್ನು ಈತ ಬಳಸಿಕೊಳ್ಳಲು ನನ್ನ ಒಪ್ಪಿಗೆ ಇದೆ.' ಕೆಳಗೆ ಸಹಿಗೆ ಒಂದು ಗೆರೆ.

ಮಾಲು ಎತ್ತಿ ಆರು ವರ್ಷವಾದ ಮೇಲೆ ಮಾಲೀಕನ ಸಹಿ ಕೇಳಲು ಹೋದ ಕಳ್ಳನನ್ನು ಎಲ್ಲಾದರೂ ಕಂಡಿದ್ದೀರಾ? (ಅಂಕಣದ ಮೇಲಿನ ಫೋಟೊ ನೋಡಿ.)

ನಿಮಗೆ ಗೊತ್ತಲ್ಲ, ಹೊಟ್ಟೆಪಾಡಿಗೆ ನಾನು ಮಸ್ಕತ್ತಿನ ಆಫೀಸೊಂದರಲ್ಲಿ ಶಿಪ್ಪಿಂಗ್ ಕಾಗದ ನೋಡುತ್ತೇನೆ. ಉಳಿದವರ ಹೊಟ್ಟೆ ಉರಿಸಲು ಮಿಮಿಕ್ರಿ ಮಾಡುತ್ತೇನೆ. ನಮ್ಮೂರಿನವರ ಯಾವ ಕಾರ್ಯಕ್ರಮವಿದ್ದರೂ ಊಟಕ್ಕೆ ಮೊದಲಿನ ಹತ್ತು ನಿಮಿಷ ನನ್ನದು. ಬಾಸ್, ಭಾವ, ಫೋನಿನಲ್ಲಿ ಅಮ್ಮನಿಗೆ ಸುಳ್ಳು ಹೇಳುವ ನಾನು... ಯಾರನ್ನೂ ಬಿಟ್ಟಿಲ್ಲ. ಆದರೆ ಗ್ಯಾರಂಟಿ ಚಪ್ಪಾಳೆ ಫೆಲಿಕ್ಸ್ ಅಂಕಲ್‌ಗೇ. ಉಡುಪಿ ಕಡೆಯ ಕೊಂಕಣಿ ಮನುಷ್ಯ. ಒಮಾನಿನ ಬೆಟ್ಟದ ಬುಡದ ಊರು ರುಸ್ತಾಕಿನಲ್ಲಿ ಪಂಪು, ಪೈಪು, ಬೆಲ್ಟು ಮಾರುವ ಅಂಗಡಿಯ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ನಿಂತು, ಈಗ ಇಲ್ಲೇ ಮಸ್ಕತ್ತಿನ ಅಲ್ ಹೈಲ್‌ನಲ್ಲಿ ಮಗಳ ಮನೆಯಲ್ಲಿ ಹೆಂಡತಿ ಗ್ರೆಟ್ಟಾ ಆಂಟಿ ಜೊತೆ ಇದ್ದಾರೆ.

ನನ್ನ ಮಿಮಿಕ್ರಿಯಲ್ಲಿ ಗಿರಾಕಿ ಏನೋ ಕೇಳುತ್ತಾನೆ. ನಾನು ಹೊಟ್ಟೆ ಮುಂದೆ ಮಾಡಿ, ಎರಡು ಸಲ ಕೆಮ್ಮಿ, "ಇಲ್ಲ ಮಾರಾಯ, ಖಲಾಸ್!" ಎನ್ನುತ್ತೇನೆ. ಸಭೆ ಬಿದ್ದು ಬಿದ್ದು ನಗುತ್ತದೆ. ಮುಂದಿನ ಸಾಲಿನಲ್ಲಿ ಕೂತ ಅಂಕಲ್ ಕೂಡ.

ಇಂಥದೊಂದು ಕಾರ್ಯಕ್ರಮಕ್ಕೆ ಕ್ಲೇರ್ ಬಂದಿದ್ದಳು. (ಯಾರೋ ನೀರುದೋಸೆ, ಕೋಳಿ ಸಾರಿನ ಆಸೆ ತೋರಿಸಿ ಕರೆತಂದಿದ್ದರು.) ಫ್ರಾನ್ಸಿನ ಸಣ್ಣ ಊರೊಂದರಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ಏಳು ಜನ ಸೇರಿ ವಿಡಿಯೊ ಗೇಮ್ ಮಾಡುತ್ತಾರಂತೆ. ಇವಳು ಅವರಲ್ಲೊಬ್ಬಳು. ಅವರ ಹಳೆಯ ಗೇಮುಗಳನ್ನು ಆಡಿ ನೋಡಿದೆ. ಒಂದರಲ್ಲಿ ದೀಪಸ್ತಂಭದ ಗಾಜು ಒರೆಸಬೇಕು. ಇನ್ನೊಂದರಲ್ಲಿ ಕತ್ತೆಯನ್ನು ಸೇತುವೆ ದಾಟಿಸಬೇಕು. ಕತ್ತೆಗೆ ಮನಸ್ಸು ಬಂದರೆ ಮಾತ್ರ ಅದು ದಾಟುತ್ತದೆ. ಬಂದೂಕಿಲ್ಲ, ಸ್ಕೋರಿಲ್ಲ, ಯಾರೂ ಸಾಯುವುದಿಲ್ಲ. (ನಮ್ಮ ಆಫೀಸಿನ ಹಾಗೇ. ಸಂಗೀತ ಮಾತ್ರ ಗೇಮಿನಲ್ಲಿ ಚೆನ್ನಾಗಿದೆ.)

ಅವರ ಹೊಸ ಗೇಮಿನಲ್ಲಿ ಒಮಾನಿನ ಕೋಟೆಯೊಂದರ ಕೆಳಗೆ ಬಿಡಿಭಾಗಗಳ ಅಂಗಡಿ. ಅಂಗಡಿಯವರು ಗೇಮ್ ಆಡುವ ನಾವು. ಬೆಟ್ಟದಿಂದ ಗಿರಾಕಿಗಳು ಬರುತ್ತಾರೆ, ಕೇಳುತ್ತಾರೆ, ಹೋಗುತ್ತಾರೆ. ನನ್ನ ಹತ್ತು ನಿಮಿಷ ನೋಡಿದ್ದೇ ಕ್ಲೇರ್, "ನಮ್ಮ ಅಂಗಡಿಯವನು ಸಿಕ್ಕಿದ!" ಎಂದಳು. ಅವನು ಮಂಗಳೂರು ಕನ್ನಡದಲ್ಲೇ ಮಾತಾಡಲಿ, ಕೆಳಗೆ ಫ್ರೆಂಚ್ ಅಕ್ಷರ ಹಾಕೋಣ ಎಂದಳು. ಬಟ್ಟೆಯ ಕಪಾಟಿನೊಳಗೆ ಕೂತು ನಲವತ್ತು ಡೈಲಾಗ್ ರೆಕಾರ್ಡ್ ಮಾಡಿ ಕಳಿಸಿದೆ. ಏಳೂ ಜನಕ್ಕೆ ಇಷ್ಟವಾಯಿತು. ಗೇಮಿನಲ್ಲಿ ನನ್ನ ಹೆಸರು! ಅಮ್ಮನಿಗೆ ಹೇಳಿದೆ. ಬಾಸ್‌ಗೆ ಬಾಸ್‌ನದೇ ದನಿಯಲ್ಲಿ ಹೇಳಿದೆ.

ಆಮೇಲೆ ಮೇಲ್ ಬಂತು. ಇದು ನಿಜವಾಗಿ ಇರುವ ಯಾರದೋ ದನಿಯ ಅನುಕರಣೆಯೇ? ಹಾಗಿದ್ದರೆ ಅವರ ಸಹಿ ಬೇಕು. ಸಹಿ ಇಲ್ಲದಿದ್ದರೆ ಬಳಸುವುದಿಲ್ಲ.

ಆ ಶುಕ್ರವಾರ ಅಂಕಲ್ ಮನೆಯ ಟೀಪಾಯಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೇಳಿಸಿದೆ. ಕೆಮ್ಮು, ಕೆಮ್ಮು, ಇಲ್ಲ ಮಾರಾಯ, ಖಲಾಸ್. ಗ್ರೆಟ್ಟಾ ಆಂಟಿ ನಕ್ಕರು, ಗಂಡನ ಮುಖ ನೋಡಿ ನಿಲ್ಲಿಸಿದರು.

"ಇದು ಯಾರು?" ಎಂದರು ಅಂಕಲ್.

"ನೀವೇ ಅಂಕಲ್."

"ಇಪ್ಪತ್ತಾರು ವರ್ಷದಲ್ಲಿ ಒಬ್ಬನಿಗೂ ನಾನು ಹೀಗೆ ಹೇಳಿದ್ದಿಲ್ಲ."

"ಸ್ಟೇಜಲ್ಲಿ ಮಾಡಿದಾಗ ನೀವೂ ನಗ್ತಿದ್ರಲ್ಲ?"

"ಅಲ್ಲಿ ನಗದೆ ಎಂತ ಮಾಡುದು ಮಾರಾಯ? ಎಲ್ಲ ತಿರುಗಿ ನನ್ನನ್ನೇ ನೋಡ್ತಾರೆ. ಅದು ನಮ್ಮ ನಮ್ಮವರ ಎದುರು, ಅಡ್ಡಿಲ್ಲ. ಇದನ್ನು ನಾಳೆ ನನ್ನ ಗಿರಾಕಿಗಳ ಮಕ್ಕಳು ಆಡಿದ್ರೆ?"

ಕಾಗದ ಮುಂದೆ ಹಿಡಿದೆ. (ಎಷ್ಟು ಜನರ ದನಿ ಬರುತ್ತದೆ ನನಗೆ, ಒಂದೂ ಸಹಾಯಕ್ಕೆ ಬರಲಿಲ್ಲ.) ಅಂಕಲ್ ಅದನ್ನು ಎರಡು ಸಲ ಓದಿದರು.

"ಪೆನ್ನು ಬೇಕಲ್ಲ. ನಿಲ್ಲು, ನೋಡ್ತೇನೆ," ಎಂದು ಎದ್ದು ಒಳಗೆ ಹೋದರು.

ಅವರ ಅಂಗಿಯ ಜೇಬಿನಲ್ಲಿ ಎರಡು ಪೆನ್ನು ಎದ್ದು ಕಾಣುತ್ತಿದ್ದವು. ಆಂಟಿ ನನ್ನ ಕಡೆ ನೋಡಲಿಲ್ಲ. ಒಳಗೆ ಡ್ರಾಯರ್ ಎಳೆದ ಸದ್ದು, ಮುಚ್ಚಿದ ಸದ್ದು. ಅಂಕಲ್ ವಾಪಸ್ ಬಂದು ಮೆಲ್ಲಗೆ ಹೇಳಿದರು: "ಇವತ್ತು ಇಲ್ಲ."

ಕೆಮ್ಮಲಿಲ್ಲ.

"ಅಂಗಡಿಯಲ್ಲೂ ಹೀಗೇ," ಎಂದರು ಆಂಟಿ. "ಇಲ್ಲ ಅಂತ ಗೊತ್ತಿದ್ರೂ ಇವರು ಒಂದು ಸಲ ಒಳಗೆ ಹೋಗಿ ಬರುದೇ."

"ಮತ್ತೆ?" ಎಂದರು ಅಂಕಲ್. "ಆ ಮನುಷ್ಯ ತೋಟದಲ್ಲಿ ಪಂಪು ನಿಂತಿದೆ ಅಂತ ಬೆಟ್ಟ ಇಳಿದು ಬಂದಿದ್ದಾನೆ. ನಿಂತಲ್ಲೇ ಇಲ್ಲ ಹೇಳ್ಲಿಕ್ಕೆ ಬಾಯಿ ಬರ್ತದಾ? ಖಾಲಿ ಶೆಲ್ಫನ್ನಾದ್ರೂ ಅವನಿಗೋಸ್ಕರ ಒಮ್ಮೆ ನೋಡ್ಬೇಕು."

ಆರು ವರ್ಷ ನಾನು ಈ ಮನುಷ್ಯನ ಗಂಟಲನ್ನೇ ನೋಡಿದ್ದೆ. ಕಾಲು ನೋಡಿರಲಿಲ್ಲ. ಒಳಗೆ ಹೋಗಿ ಬರುವುದರಲ್ಲಿ ನಗುವಂಥದ್ದೇನಿದೆ? ಅದಕ್ಕೇ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕೆಮ್ಮು, ಖಲಾಸ್ ಎರಡೂ ಚಪ್ಪಾಳೆಗಾಗಿ ನಾನೇ ಸೇರಿಸಿದ್ದು.

ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ. ನಡೆದದ್ದೆಲ್ಲವನ್ನೂ ಕ್ಲೇರ್‌ಗೆ ಬರೆದೆ, ಜೇಬಿನ ಎರಡು ಪೆನ್ನು ಸಮೇತ. ನನ್ನ ನಲವತ್ತು ಡೈಲಾಗ್ ಅಳಿಸಿಬಿಡು ಎಂದೂ ಬರೆದೆ. (ಈ ಸಾಲು ಟೈಪ್ ಮಾಡಲು ಎರಡು ಟೀ ಬೇಕಾಯಿತು.)

ಮರುದಿನವೇ ಉತ್ತರ: ಅಂಕಲ್ ತಾವೇ ಮಾತಾಡಬಹುದೇ?

ಮಾತಾಡಿದರು. ನನ್ನದೇ ಕಪಾಟಿನೊಳಗೆ, ನನ್ನದೇ ಅಂಗಿಗಳ ನಡುವೆ ಕೂತು, ಚೂರೂ ನಟಿಸದೆ. ಗೇಮಿನಲ್ಲೀಗ ಒಂದು ಹೊಸ ಬಟನ್ ಇದೆ. ಒತ್ತಿದರೆ ಅಂಗಡಿಯವನು "ನಿಲ್ಲಿ, ನೋಡ್ತೇನೆ" ಎಂದು ಒಳಗೆ ಹೋಗುತ್ತಾನೆ, ಖಾಲಿ ಶೆಲ್ಫಿನ ಮುಂದೆ ನಿಲ್ಲುತ್ತಾನೆ, ಬರುತ್ತಾನೆ. ಪಾಯಿಂಟ್ ಗೀಯಿಂಟ್ ಏನೂ ಸಿಗುವುದಿಲ್ಲ. ಗಿರಾಕಿ ತಲೆಯಾಡಿಸಿ ಹೋಗುತ್ತಾನೆ, ಅಷ್ಟೇ. ಏಳು ಜನರೂ ಅದನ್ನೇ ಮತ್ತೆ ಮತ್ತೆ ಒತ್ತುತ್ತಿದ್ದಾರಂತೆ.

ನನ್ನನ್ನೂ ಪೂರ್ತಿ ಕೈಬಿಟ್ಟಿಲ್ಲ. ಅಂಗಡಿಯ ಮುಂದೆ ರಟ್ಟು ತಿನ್ನುತ್ತಾ ನಿಲ್ಲುವ ಮೇಕೆ ನಾನು. ಒಂದೇ ಟೇಕಿನಲ್ಲಿ ಓಕೆ ಆಯಿತು. ಆದರೂ ನಿನ್ನೆ ಸಂಜೆ ನಮ್ಮ ಬೀದಿಯ ಕಸದ ಡಬ್ಬಿಯ ಪಕ್ಕ ಒಂದು ಮೇಕೆಯ ಮುಂದೆ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ: ಅದು ನಿಜಕ್ಕೂ ನಾನು ಕೂಗಿದ ಹಾಗೆ ಕೂಗುತ್ತದೆಯೇ?