ಸಣ್ಣ ಹಾರ್ನ್

ಕೂಂಯ್... ಅಂತ ಒಂದು ಸಿಳ್ಳೆ. ಮದುವೆಮನೆಯಲ್ಲಿ ಮೈಕನ್ನು ಹಾರ್ನಿನ ಹತ್ತಿರ ತಂದಾಗ ಏಳುತ್ತಿತ್ತಲ್ಲ, ಅದೇ. ಹೋದ ವಾರ ಕಿವಿಗೆ ಹೊಸ ಮಷೀನ್ ಹಾಕಿಕೊಂಡಾಗ ಮತ್ತೆ ಕೇಳಿಸಿತು. ಅರವತ್ತರ ದಶಕದ ಶಿರಸಿ, ನಮ್ಮ ಮನೆಯ ಜಗಲಿ, ಮೈಕ್‌ಸೆಟ್ಟಿನವರು... ಎಲ್ಲ ಒಟ್ಟಿಗೇ ಎದುರು ಬಂದು ನಿಂತವು.

ಮೈಕ್‌ಸೆಟ್ಟಿನವರು ಎಂದರೆ ಬನವಾಸಿ ಕಡೆಯ ಒಬ್ಬರು. ಮದುವೆಗೆ, ಸಭೆಗೆ ಮೈಕ್ ಕಟ್ಟುವುದು ಅವರ ಕಸುಬು. ಆಗ ಅಪ್ಪಯ್ಯನ ಕಿವಿ ಮಂದವಾಗುತ್ತ ಬಂದಿತ್ತು. ರೇಡಿಯೋ ವಾರ್ತೆಯೊಂದೇ ಅವನಿಗೆ ಹೊರಗಿನ ಲೋಕದ ಜೊತೆ ಉಳಿದಿದ್ದ ನಂಟು, ಅದೂ ಕೈಬಿಡುತ್ತಿತ್ತು. ರೇಡಿಯೋಕ್ಕೆ ಸೇರಿಸಲೆಂದು ಹುಬ್ಬಳ್ಳಿಯಿಂದ ದೊಡ್ಡ ಹಾರ್ನ್ ತರಿಸಿದೆವು. ಅದರ ಹಿಂದೆ ತಿರುಪಿ ಕೂರಿಸುವ ಯೂನಿಟ್, ಅಂದರೆ ಸದ್ದು ಹುಟ್ಟುವ ಗುಂಡು ಡಬ್ಬಿ, ಅದೂ ಹೊಚ್ಚ ಹೊಸದು. ಜೋಡಿಸಿಕೊಡಲು ಅವರನ್ನು ಕರೆಸಿದ್ದು.

ಅವರು ನಮ್ಮದನ್ನು ತಿರುಗಿಸಿ ನೋಡಿ, ಇದು ಬಯಲಿಗೆ ಚಲೋ, ಮನೆಗಲ್ಲ ಎಂದರು. ತಮ್ಮ ಚೀಲದಿಂದ ಸಣ್ಣದೊಂದು ಹಾರ್ನ್ ತೆಗೆದರು. ಅದರ ಯೂನಿಟ್ ನಗ್ಗಿಹೋಗಿತ್ತು. ಈ ಸಣ್ಣದನ್ನು ನಾವು ಇಟ್ಟುಕೊಂಡು ನಮ್ಮ ದೊಡ್ಡದನ್ನು ತಮಗೆ ಕೊಡಬೇಕಂತೆ. ವೆರಿ ಕನ್ವೀನಿಯಂಟ್, ಅಂದುಕೊಂಡೆ. ಆಯಿ ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದಳು: "ಕೂಸೆ, ಅವ ಹೋಪವರೆಗೂ ಅಲ್ಲೇ ಕೂತ್ಗ."

ಅವರ ಪರೀಕ್ಷೆಯೇ ವಿಚಿತ್ರ. ಹಾಡು ಹಾಕಲಿಲ್ಲ. ಮೈಕ್ ಹಿಡಿದು ಪಕ್ಕದ ಕೋಣೆಗೆ ಹೋಗಿ ಮೆಲ್ಲಗೆ ಕಿರಾಣಿ ಸಾಮಾನು ಹೇಳಿದರು. ತೊಗರಿ, ಉದ್ದು, ಜೀರಿಗೆ, ಬೆಲ್ಲ... ಹಾರ್ನಿನೆದುರು ಕೂತ ಅಪ್ಪಯ್ಯ ಒಂದೊಂದನ್ನೂ ತಿರುಗಿ ಹೇಳಬೇಕು. ದೊಡ್ಡದರಲ್ಲಿ ಅವನು ಸುಮ್ಮನೆ ತಲೆ ಅಲ್ಲಾಡಿಸಿದ. ಸಣ್ಣದರಲ್ಲಿ ಬೆಲ್ಲದವರೆಗೂ ತಪ್ಪಿಲ್ಲದೆ ಹೇಳಿ ನಕ್ಕುಬಿಟ್ಟ.

"ಎಂಗೆ ಈ ಸಣ್ಣದೇ ಇರ್ಲಿ" ಎಂದ.

ಕಾನ್ವೆಂಟಿನಲ್ಲಿ ಓದಿ ಬಂದವಳ ಕಣ್ಣಿಗೇ ಮಣ್ಣೆರಚುವುದೇ? ತಮ್ಮದನ್ನು ಹಾಕಿದಾಗ ಬಿಡಿಸಿ ಬಿಡಿಸಿ ಹೇಳುತ್ತೀರಿ, ನಮ್ಮದಕ್ಕೆ ಗೊಣಗುತ್ತೀರಿ ಎಂದು ಮುಖದ ಮೇಲೇ ಅಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಮೈಕನ್ನು ನನ್ನ ಕಡೆ ಚಾಚಿದರು.

"ಹಂಗಾರ ನೀವಾ ಹೇಳ್ರಿ, ತಂಗಿ. ನಿಮ್ಮ ದನಿ ಮ್ಯಾಲೆ ನಿಮಗ ನಂಬಿಕಿ ಐತಲ್ಲ."

ನಾನು ಕೈಕಟ್ಟಿ ನಿಂತೆ. ಮೈಕ್ ಮುಟ್ಟಲಿಲ್ಲ. ಅವರು ಹೇಳಿದ್ದೇ ನಿಜವಾಗಿಬಿಟ್ಟರೆ ಎಂಬ ಹೆದರಿಕೆ ಇತ್ತೋ ಏನೋ... ಅವರು ಸಣ್ಣ ಹಾರ್ನನ್ನು ಟವೆಲಿನಲ್ಲಿ ಸುತ್ತಿಕೊಂಡು, ದೊಡ್ಡದನ್ನು ಜೋಡಿಸಿಕೊಟ್ಟು ಹೋದರು.

ದೊಡ್ಡದು ಬೀದಿಗೆಲ್ಲ ಕೇಳಿಸಿತು, ಅಪ್ಪಯ್ಯನೊಬ್ಬನನ್ನು ಬಿಟ್ಟು. ಕೆಲವು ತಿಂಗಳಲ್ಲಿ ಅವನು ರೇಡಿಯೋ ಹಾಕುವುದನ್ನು ಬಿಟ್ಟ. ಆಮೇಲೆ ನಮ್ಮ ಜೊತೆ ಮಾತನ್ನೂ. ಮೈಕ್‌ಸೆಟ್ಟಿನವರನ್ನು ಮತ್ತೆ ಕರೆಸೋಣ ಎಂದು ನಾನು ಬಾಯಿಬಿಡಲಿಲ್ಲ.

ಹೋದ ವಾರ ಡಾಕ್ಟರು ಮಷೀನಿನ ವಾಲ್ಯೂಮ್ ಏರಿಸಿದಾಗ, ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ ಎಂದೆ. ಹೇಳಿದ ಮೇಲೆ, ಅಪ್ಪಯ್ಯ ದೊಡ್ಡ ಹಾರ್ನಿನೆದುರು ತಲೆ ಅಲ್ಲಾಡಿಸಿದ್ದು ನೆನಪಾಯಿತು. ಆದರೂ ಮೈಕ್‌ಸೆಟ್ಟಿನವರಿಗೆ ನಮ್ಮ ಹೊಸ ಯೂನಿಟ್ ಮೇಲೆ ಆಸೆ ಇತ್ತು ಎಂದೇ ಇವತ್ತಿಗೂ ನನ್ನ ಡೌಟ್. ಇದ್ದರೇನು, ಅಪ್ಪಯ್ಯನಿಗೆ ಕೇಳಿಸಿತ್ತಲ್ಲ...

ಅವರನ್ನು ಕೊನೆಯ ಸಲ ಕಂಡಿದ್ದು, ಅಪ್ಪಯ್ಯ ರೇಡಿಯೋ ಬಿಟ್ಟ ಮೇಲೆ, ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ. ಬಸ್ಸಿನ ತಲೆಯ ಮೇಲೆ ಹಾರ್ನುಗಳನ್ನು ಕಟ್ಟಿ ಇಳಿಯುತ್ತಿದ್ದರು.

"ಯಜಮಾನ್ರಿಗೆ ಸುದ್ದಿ ಕೇಳಸ್ತೈತೇನ್ರಿ, ತಂಗಿ?"

ಚೆನ್ನಾಗಿ ಕೇಳಿಸುತ್ತದೆ ಎಂದೆ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು, ಅಂದು ಅಪ್ಪಯ್ಯನ ಉತ್ತರಕ್ಕೆ ಕಾದ ಹಾಗೆ. ಆಮೇಲೆ ಬಸ್ ಹತ್ತಿ ಕಿಟಕಿಯ ಪಕ್ಕ ಕೂತರು. ತೊಡೆಯ ಮೇಲೆ ಆ ಟವೆಲಿನ ಗಂಟು.