ಹಲ್ಲಮ್ಮನ ಹಳಿ

ಬೀದಿಯವರೆಲ್ಲ ಆಕೆಯನ್ನು ಹಲ್ಲಮ್ಮ ಎಂದೇ ಕರೆಯುತ್ತಿದ್ದರು. ಆಕೆಗೆ ಅದರಿಂದ ಬೇಸರವಿರಲಿಲ್ಲ. ಅದು ಕೆಲಸದಿಂದ ಬಂದ ಹೆಸರು; ಕೆಲಸ ಮಾಡದವರಿಗೆ ಅಂಥ ಹೆಸರು ಬರುವುದಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಉದ್ದನೆಯ ಮೇಜಿನ ಮುಂದೆ ಕೂತು, ಹರೆಯದಿಂದ ನಿವೃತ್ತಿಯವರೆಗೆ ಆಕೆ ಹಲ್ಲಿನ ಸೆಟ್ಟು ಮಾಡಿದ್ದಳು. ಡಾಕ್ಟರು ಬಾಯಿಯ ಅಳತೆ ತೆಗೆದು ಕೊಡುವರು. ಆಕೆ ಸ್ಪಿರಿಟ್ ದೀಪದ ಮೇಲೆ ಮೇಣ ಕಾಯಿಸಿ, ಅಚ್ಚು ಕಟ್ಟಿ, ಲೋಹ ಎರೆದು, ಅರದಿಂದ ತಿಕ್ಕಿ, ಕೊನೆಗೆ ಉಗುರು ಆಡಿಸಿ ನೋಡುವಳು. ಉಗುರಿಗೆ ಏನೂ ತಾಗಬಾರದು. ಎರಡು ತುಂಡು ಸೇರುವ ಕಡೆ ಸಂದು ಉಳಿದರೆ ತಿಂದದ್ದು ಅಲ್ಲಿ ಸಿಕ್ಕಿಕೊಳ್ಳುತ್ತದೆ, ಕೊಳೆಯುತ್ತದೆ, ಬಾಯಿ ನಾರುತ್ತದೆ. ಕೈಕೆಳಗೆ ಕಲಿಯಲು ಬಂದವರಿಗೆ ಆಕೆ ಹೇಳಿಕೊಟ್ಟ ಮೊದಲ ಮಾತೂ ಅದೇ, ಕೊನೆಯ ಮಾತೂ ಅದೇ: ಸಂದು ಬಿಡಬೇಡ.

ಆಕೆಗೆ ರೈಲಿನ ಹುಚ್ಚು ಹತ್ತಿದ್ದಕ್ಕೆ ಮೆತ್ತನೆಯ ಕಾರಣ ಹುಡುಕುವವರಿಗೆ ನಿರಾಶೆಯಾದೀತು. ಚಿಕ್ಕಂದಿನಲ್ಲಿ ರೈಲು ಕಂಡು ಕನಸು ಕಟ್ಟಿದವಳಲ್ಲ ಆಕೆ. ಸೆಟ್ಟು ಸಡಿಲವಾಗಿದೆ ಎಂದು ಹೇಳಿಕಳಿಸಿದ್ದ ಒಬ್ಬ ಮುದುಕರ ಮನೆಗೆ ಹೋದಾಗ, ಅವರ ತೋಟದಲ್ಲಿ ಬೆಕ್ಕಿನಷ್ಟೆತ್ತರದ ಉಗಿಬಂಡಿಯೊಂದು ಹೂವಿನ ಪಾತಿಗಳ ನಡುವೆ ಓಡುತ್ತಿತ್ತು. ಅದು ನಿಂತಾಗ ಆಕೆ ಎತ್ತಿ, ತಿರುಗಿಸಿ, ಚಕ್ರ ನೋಡಿದಳು. ಎರಕ ಒರಟಾಗಿತ್ತು, ಅಂಚು ತಿಕ್ಕಿರಲಿಲ್ಲ.

“ಪೇಟೆಯಿಂದ ತರಿಸಿದ್ದು ಕಣಮ್ಮ, ಭಾಳ ಚೆನ್ನಾಗಿದೆ” ಎಂದರು ಮುದುಕರು.

“ಚೆನ್ನಾಗೇನಿಲ್ಲ” ಎಂದಳು ಹಲ್ಲಮ್ಮ. ಮನೆ ಸೇರುವಷ್ಟರಲ್ಲಿ ತಾನೇ ಒಂದು ಮಾಡುವುದೆಂದು ಗಟ್ಟಿಯಾಗಿತ್ತು.

ನಿವೃತ್ತಿಯಾದ ಮೇಲೆ ಅಡುಗೆಮನೆಯ ಪಕ್ಕದ ಸಾಮಾನು ಕೋಣೆಯಲ್ಲಿ ಮೇಜು ಹಾಕಿಕೊಂಡು ಆಕೆ ಎಂಜಿನ್ನು ಕಟ್ಟಿದಳು. ಹಲ್ಲಿಗೆ ಮಾಡಿದಂತೆಯೇ ಚಕ್ರಕ್ಕೂ ಮೊದಲು ಮೇಣದ ಮಾದರಿ, ಅದರ ಸುತ್ತ ಅಚ್ಚು, ಮೇಣ ಕರಗಿ ಹೋದ ಟೊಳ್ಳಿಗೆ ಹಿತ್ತಾಳೆ. ಬಾಯ್ಲರಿನ ಕೆಳಗೆ ಅದೇ ಹಳೆಯ ಸ್ಪಿರಿಟ್ ದೀಪ. ಎಂಜಿನ್ನು ಮುಗಿಯಿತು, ಎರಡು ಬೋಗಿಯೂ ಆದವು. ಇನ್ನು ಬೇಕಾಗಿದ್ದದ್ದು ನೆಲ. ನೆಲವೋ, ಗಂಡನ ಕೈಯಲ್ಲಿತ್ತು.

ಗಂಡ ಬಸ್ಸಿನ ಡ್ರೈವರಾಗಿದ್ದವನು. ನಿವೃತ್ತಿಯಾದ ಮೇಲೆ ಹಿತ್ತಲಿಗೆ ಇಳಿದು ಟೊಮೆಟೊ ಬೆಳೆಯುತ್ತಿದ್ದ. ಮಾತಿನಲ್ಲಿ ಚೂಪು, ಮನಸ್ಸಿನಲ್ಲಿ ಅಷ್ಟು ಕೆಟ್ಟವನಲ್ಲ. ಹಿಂದಿನ ಬೆಳೆ ಕಿತ್ತು ಹಿತ್ತಲು ಖಾಲಿಯಾಗಿದ್ದ ಹೊತ್ತು ನೋಡಿ ಹಲ್ಲಮ್ಮ ಕೇಳಿದಳು.

“ರೀ, ಹಿತ್ತಲು ನಂಗೆ ಬೇಕು.”

“ಎಷ್ಟು?”

“ಎಲ್ಲಾನೂ.”

ಡ್ರೈವರ್ ನಗಲಿಲ್ಲ. ಬೀಜ ಬಿತ್ತಿದ್ದ ಟ್ರೇ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟ. ಆಗ ತಾನೇ ಮಣ್ಣಿನಿಂದ ದಾರದಂಥ ಮೊಳಕೆ ತಲೆ ಎತ್ತಿದ್ದವು. “ನೋಡು, ಈ ಸಸಿಗಳು ನೆಲಕ್ಕೆ ಹಾಕೋ ಹಾಗಾಗೋವರೆಗೆ ನಿಂದು. ಅಷ್ಟರೊಳಗೆ ನಿನ್ನ ರೈಲು ಯಾರ ಕೈಯೂ ತಾಗದೆ ಒಂದು ಪೂರ್ತಿ ಸುತ್ತು ಬರಬೇಕು. ಬಂದ್ರೆ ಹಿತ್ತಲು ರೈಲಿಗೆ. ಬರ್ಲಿಲ್ಲ ಅಂದ್ರೆ ಹಳಿ ಕಿತ್ತು ಟೊಮೆಟೊಗೆ. ಆಮೇಲೆ ಮುಖ ಊದಿಸ್ಕೊಂಡು ಓಡಾಡಬಾರದು.”

“ನಾನ್ಯಾಕೆ ಊದಿಸ್ಕೋತೀನಿ? ನೀವು ಊದಿಸ್ಕೋಬೇಡಿ ಸಾಕು.”

ಆಕೆಗೆ ಈ ಷರತ್ತು ಹಿಡಿಸಿತು. ಕೇಳಿ ಪಡೆದ ನೆಲಕ್ಕಿಂತ ಗೆದ್ದ ನೆಲ ವಾಸಿ. ಮರುದಿನದಿಂದಲೇ ಕೆಲಸಕ್ಕೆ ಇಳಿದಳು. ಹಿತ್ತಲಿನ ನಾಲ್ಕೂ ಗೋಡೆಯ ಪಕ್ಕದಲ್ಲಿ ಅಗೆದು ಜಲ್ಲಿ ತುಂಬಿ, ಮರದ ಸಣ್ಣ ಅಡ್ಡಪಟ್ಟಿಗಳನ್ನು ಜೋಡಿಸಿ, ಮೇಲೆ ಹಿತ್ತಾಳೆಯ ಹಳಿ ಕೂರಿಸಿದಳು. ನೀರಿನ ತೊಟ್ಟಿಯ ಬಳಿ ಮತ್ತು ಹಿತ್ತಲ ಮೆಟ್ಟಿಲಿನ ಬಳಿ ಹಳಿ ಅಲ್ಲಾಡದಂತೆ ಸಿಮೆಂಟು ಹಾಕಿದಳು. ಹಳಿಯ ತುಂಡುಗಳು ಸೇರುವ ಕಡೆಯೆಲ್ಲ ಬೆಸುಗೆ ಹಾಕಿ, ಅರದಿಂದ ತಿಕ್ಕಿ, ಉಗುರು ಆಡಿಸಿದಳು. ಏನೂ ತಾಗಲಿಲ್ಲ. ಇಡೀ ಹಳಿ ಒಂದೇ ಬಳೆಯಂತೆ ಹಿತ್ತಲನ್ನು ಸುತ್ತಿ ಬಂದಿತ್ತು.

ಮೊಳಕೆಗಳಲ್ಲಿ ಆಗಲೇ ಎರಡನೆಯ ಜೋಡಿ ಎಲೆ ಮೂಡಿತ್ತು.

ಒಂದು ಬೆಳಿಗ್ಗೆ, ಗಂಡ ಇನ್ನೂ ಹಾಸಿಗೆಯಲ್ಲಿದ್ದಾಗ, ಆಕೆ ದೀಪ ಹೊತ್ತಿಸಿ ಎಂಜಿನ್ನನ್ನು ಬಿಟ್ಟಳು. ಎಣ್ಣೆಯ ಮೇಲೆ ಜಾರಿದಂತೆ, ಒಂದು ಸದ್ದಿಲ್ಲದೆ, ಸುತ್ತು ಮುಗಿಸಿ ಬಂದು ನಿಂತಿತು. ಗಂಡನನ್ನು ಎಬ್ಬಿಸಬಹುದಿತ್ತು. ಎಬ್ಬಿಸಲಿಲ್ಲ. ಭಾನುವಾರ ಅಕ್ಕ ಊಟಕ್ಕೆ ಬರುವವಳಿದ್ದಳು. ಎಲ್ಲರೆದುರಿಗೇ ಆಗಲಿ ಎಂದುಕೊಂಡಳು. ಬುದ್ಧಿವಂತರೂ ಒಮ್ಮೊಮ್ಮೆ ಚಪ್ಪಾಳೆಗೆ ಆಸೆಪಡುತ್ತಾರೆ.

ಭಾನುವಾರ ಊಟ ಮುಗಿಸಿ ಮೂವರೂ ಹಿತ್ತಲಿಗೆ ಬಂದರು. ಬಿಸಿಲು ಸುಡುತ್ತಿತ್ತು. ಅಕ್ಕ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಸೆರಗು ತಲೆಗೆಳೆದಳು.

“ಈ ವಯಸ್ಸಿನಲ್ಲಿ ಮೊಮ್ಮಕ್ಕಳನ್ನ ಆಡಿಸೋದು ನೋಡಿದೀನಿ. ನೀನೇ ಆಡೋಕೆ ಕೂತಿದೀಯಲ್ಲೇ!”

“ನೋಡ್ತಾ ಇರು ಅಕ್ಕ. ಬಾಯಿ ಆಮೇಲೆ ತೆಗಿ.”

ರೈಲು ಹೊರಟಿತು. ತೊಟ್ಟಿ ದಾಟಿತು. ತೊಟ್ಟಿಗೂ ಮೆಟ್ಟಿಲಿಗೂ ನಡುವೆ ಗೋಡೆಯ ಮೂಲೆಯಲ್ಲೊಂದು ತಿರುವು. ಅಲ್ಲಿಗೆ ಬಂದ ಎಂಜಿನ್ನು ಮುಂಗಾಲು ಎಡವಿದ ಕತ್ತೆಯಂತೆ ಮುಗ್ಗರಿಸಿ, ಬೋಗಿಗಳ ಸಮೇತ ಜಲ್ಲಿಯ ಮೇಲೆ ಮಗುಚಿ ಬಿತ್ತು. ಸ್ಪಿರಿಟ್ ಚೆಲ್ಲಿ ಭಗ್ ಎಂದಿತು. ಡ್ರೈವರ್ ಓಡಿಬಂದು ನೀರು ಸುರಿದ.

“ನನ್ನ ಸರ್ವಿಸ್ಸಿನಲ್ಲಿ ಬಸ್ಸು ಒಂದು ದಿನ ರಸ್ತೆ ಬಿಟ್ಟು ಇಳಿದಿಲ್ಲ” ಎಂದ.

“ಬಸ್ಸಿಗೆ ರಸ್ತೆ ಅಗಲ ಇರುತ್ತೆ” ಎಂದಳು ಹಲ್ಲಮ್ಮ.

ಅಕ್ಕ ಕುರ್ಚಿಯಿಂದಲೇ ಹೇಳಿದಳು: “ಬಿದ್ದದ್ದು ಹೋಗಲಿ ಕಣೇ. ಓಡ್ತಾ ಇದ್ದಾಗಲೂ ಅದು ರೈಲಿನ ಹಾಗೆ ಅನ್ನಿಸಲೇ ಇಲ್ಲ. ಕಳ್ಳಬೆಕ್ಕಿನ ಹಾಗೆ ಹೋಗುತ್ತಪ್ಪ.”

ಸಂಜೆ ತಂಪಾದ ಮೇಲೆ ಆಕೆ ಅಳತೆಪಟ್ಟಿ ಹಿಡಿದು ಮಂಡಿಯೂರಿ ಆ ತಿರುವನ್ನು ಪರೀಕ್ಷಿಸಿದಳು. ಎಲ್ಲಿಯೂ ಲೋಪವಿಲ್ಲ. ಹಳಿ ಹಳಿಯ ಜಾಗದಲ್ಲೇ ಇತ್ತು. ಮರುದಿನ ಬೆಳಿಗ್ಗೆ ಓಡಿಸಿದರೆ ಮತ್ತೆ ಬೆಣ್ಣೆಯ ಹಾಗೆ ಓಡಿತು. ಮಧ್ಯಾಹ್ನ ಗಂಡನನ್ನು ಕರೆದು ಓಡಿಸಿದರೆ ಅದೇ ತಿರುವಿನಲ್ಲಿ ಅದೇ ಮಗುಚಾಟ. ಹಳಿಯಲ್ಲಿ ತಪ್ಪಿಲ್ಲ, ಚಕ್ರದಲ್ಲಿ ತಪ್ಪಿಲ್ಲ ಎಂದ ಮೇಲೆ ಉಳಿದದ್ದು ಮನುಷ್ಯ. ಹಿತ್ತಲಿನಲ್ಲಿ ಓಡಾಡುವ ಮನುಷ್ಯ ಒಬ್ಬನೇ.

“ಅಲ್ಲಿ ಕಾಲಿಟ್ರಾ?”

“ಎಲ್ಲಿ?”

“ಆ ತಿರುವಿನ ಮೇಲೆ. ಸಸಿಗೆ ನೀರು ತಗೊಂಡು ಹೋಗುವಾಗ.”

ಡ್ರೈವರ್ ಕೈಯಲ್ಲಿದ್ದ ಚೊಂಬನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟ. “ನೋಡೇ, ನಂಗೆ ಗೆಲ್ಲಬೇಕು ಅಂದ್ರೆ ನಿನ್ನೆದುರಿಗೇ ಗೆಲ್ತೀನಿ. ಕದ್ದು ಕಾಲಿಡೋ ಬುದ್ಧಿ ಇದ್ದಿದ್ರೆ ಹಿತ್ತಲನ್ನೇ ಕೊಡ್ತಿರಲಿಲ್ಲ.”

ಅವನು ಒಳಗೆ ಹೋದ. ಆ ದಿನ ಮತ್ತೆ ಮಾತಾಡಲಿಲ್ಲ. ಮಾತಾಡದೆ ಇರುವುದು ಅವನ ಸ್ವಭಾವವಲ್ಲವಾದ್ದರಿಂದ ಮನೆಯೆಲ್ಲ ಬಿಕೋ ಎಂದಿತು. ಕಿಟಕಿಯ ಕಟ್ಟೆಯ ಮೇಲೆ ಸಸಿಗಳು ಕಾಂಡ ದಪ್ಪವಾಗಿ, ಒಂದರ ಮೇಲೊಂದು ಬಿದ್ದು, ಬೆಳಕಿಗೆ ಕತ್ತು ಚಾಚಿದ್ದವು. ಇನ್ನು ತಡೆದರೆ ಬೇರು ಸುತ್ತಿಕೊಳ್ಳುತ್ತದೆ ಎಂದು ಹಲ್ಲಮ್ಮನಿಗೂ ಗೊತ್ತಿತ್ತು. ಅವನು ಅದನ್ನು ನೆನಪಿಸಲಿಲ್ಲ. ಅದೇ ಆಕೆಯನ್ನು ಹೆಚ್ಚು ಚುಚ್ಚಿತು.

ಮರುದಿನ ಊಟವಾದ ಕೂಡಲೇ ಆಕೆ ಕೊಡೆ ತೆಗೆದುಕೊಂಡು ಹೋಗಿ ತಿರುವಿನ ಮುಂದೆ ಮಣೆ ಹಾಕಿ ಕೂತಳು. ಯಾರು ಬರುತ್ತಾರೋ, ಏನು ಬರುತ್ತದೋ ನೋಡಿಯೇ ಬಿಡುವುದೆಂದು. ಯಾರೂ ಬರಲಿಲ್ಲ. ಬಿಸಿಲು ಮಾತ್ರ ಬಂತು. ಗೋಡೆಯ ನೆರಳು ಹಿಂದೆ ಸರಿದು ತಿರುವು ಪೂರ್ತಿ ಬಿಸಿಲಿಗೆ ಬಿದ್ದಿತು. ಸ್ವಲ್ಪ ಹೊತ್ತಿನಲ್ಲಿ ಜಲ್ಲಿಯ ಒಂದು ಕಲ್ಲು ತಾನಾಗಿ ಉರುಳಿತು. ಮತ್ತೊಂದು ಉರುಳಿತು. ಆಕೆ ಬಗ್ಗಿ ನೋಡಿದಳು. ಮಲಗಿದ ಬೆಕ್ಕು ಬೆನ್ನು ಎತ್ತಿದಂತೆ ಹಳಿ ಅಡ್ಡಪಟ್ಟಿಗಳ ಸಮೇತ ನಿಧಾನವಾಗಿ ಮೇಲೇಳುತ್ತಿತ್ತು. ಮುಟ್ಟಿದಳು, ಕೈ ಚುರ್ ಎಂದಿತು.

ಕಾದ ಲೋಹ ಹಿಗ್ಗುತ್ತದೆ ಎಂಬುದು ಆಕೆಗೆ ಗೊತ್ತಿಲ್ಲದ್ದಲ್ಲ. ಬದುಕೆಲ್ಲ ಲೋಹ ಕಾಯಿಸಿದವಳು. ಆದರೆ ಆಕೆ ಮಾಡಿದ ಲೋಹವೆಲ್ಲ ಹೋಗಿ ಕೂತದ್ದು ಬಾಯಿಯಲ್ಲಿ. ಬಾಯಿ ಬೆಳಿಗ್ಗೆಯೂ ಮಧ್ಯಾಹ್ನವೂ ಒಂದೇ ಬೆಚ್ಚಗೆ. ಬಾಯಿಗೆ ಬಿಸಿಲಿಲ್ಲ. ಹಿತ್ತಲಿನ ಹಳಿಗೆ ಉದ್ದವಾಗಲು ಜಾಗ ಬೇಕಿತ್ತು. ಜಾಗವಿದ್ದ ಕಡೆಯೆಲ್ಲ ಆಕೆಯೇ ಕೈಯಾರೆ ಬೆಸುಗೆ ಹಾಕಿ ಮುಚ್ಚಿದ್ದಳು. ಎರಡು ಕಡೆ ಸಿಮೆಂಟು ಹಿಡಿದುಕೊಂಡಿತ್ತು. ನಡುವೆ ಸಿಕ್ಕಿದ ಹಳಿ ಮೇಲೇಳದೆ ಇನ್ನೆಲ್ಲಿಗೆ ಹೋಗಬೇಕು?

ಆಕೆ ಒಳಗೆ ಹೋದಳು. ಡ್ರೈವರ್ ಕೆಟ್ಟ ರೇಡಿಯೊ ಬಿಚ್ಚಿಕೊಂಡು ಕೂತಿದ್ದ.

“ನೀವು ಕಾಲಿಟ್ಟಿಲ್ಲ.”

“ಗೊತ್ತು.”

“ಸಂದು ಬಿಟ್ಟಿಲ್ಲ ನಾನು. ಅದಕ್ಕೇ ಬೀಳ್ತಾ ಇದೆ.”

ಅವನು ತಲೆ ಎತ್ತಿದ. “ನೀನಾ? ಬಿಡೋದುಂಟಾ?” ಎಂದು ಕೇಳಿ, ತುಟಿ ಕಚ್ಚಿ ನಗು ತಡೆದುಕೊಂಡ. ಆಕೆ ಅದನ್ನು ಸಹಿಸಿಕೊಂಡಳು. ತಪ್ಪು ಆರೋಪಕ್ಕೆ ಅಷ್ಟು ದಂಡ ಕೊಡಬೇಕಾದದ್ದೇ.

“ಸಸಿ ಇನ್ನೆಷ್ಟು ತಡೀತವೆ?”

“ನಾಳೆ. ನಾಡಿದ್ದು ಅಂದ್ರೆ ನಾನೂ ಒಪ್ಪಲ್ಲ, ಅವೂ ಒಪ್ಪಲ್ಲ.”

“ನಾಳೆ ಮಧ್ಯಾಹ್ನ ಬನ್ನಿ. ಬೆಳಿಗ್ಗೆ ಬೇಡ. ಬಿಸಿಲು ನೆತ್ತಿಗೆ ಬಂದಾಗ.”

ಆಗಿಂದಾಗಲೇ ಗರಗಸ ಹಿಡಿದು ಹೋದರೆ, ಕಾದ ಹಳಿ ಅದನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯಿತು. ಎಳೆಯಷ್ಟು ತೆಳುವಾದ ಗರಗಸ ಪಟ್ಟೆಂದು ಮುರಿಯಿತು. ತಂಪಿರುವಾಗಲೇ ಕೊಯ್ಯಬೇಕು. ಉಳಿದ ಹೊತ್ತಿನಲ್ಲಿ ಆಕೆ ಮೇಜಿನ ಮುಂದೆ ಕೂತು ಹಳಿಯ ತುದಿಗಳನ್ನು ಸೇರಿಸಿ ಹಿಡಿಯುವಂಥ ಹಿತ್ತಾಳೆಯ ಚಿಕ್ಕ ತೋಳುಗಳನ್ನು ಮಡಿಸಿದಳು. ಒಂದು ಹಳಿಗೆ ಬಿಗಿ, ಪಕ್ಕದ ಹಳಿಗೆ ಜಾರುವಷ್ಟು ಸಡಿಲ. ಬೇಕೆಂದೇ ಸಡಿಲವಾಗಿ ಮಾಡಿದ ಮೊದಲ ವಸ್ತು ಅದು. ಎರಡನ್ನು ಅಭ್ಯಾಸಬಲದಿಂದ ಬಿಗಿಯಾಗಿ ಮಾಡಿಬಿಟ್ಟು, ಬೈದುಕೊಂಡು, ಮತ್ತೆ ಅಗಲಿಸಿದಳು.

ಬೆಳಕು ಹರಿಯುತ್ತಿದ್ದಂತೆ ಹಿತ್ತಲಿಗೆ ಇಳಿದಳು. ತಾನೇ ತಿಕ್ಕಿ ನುಣುಪು ಮಾಡಿದ್ದ ಬೆಸುಗೆಗಳನ್ನು ತಾನೇ ಕೊಯ್ದಳು. ಒಂದೊಂದು ಕಡೆಯೂ ಉಗುರಿನ ದಪ್ಪದಷ್ಟು ಸಂದು, ಅದನ್ನು ಹಿಡಿದುಕೊಳ್ಳಲು ಒಂದು ತೋಳು. ಉಗುರು ಆಡಿಸಿದರೆ ಪ್ರತಿಯೊಂದರಲ್ಲೂ ಸಿಕ್ಕಿಕೊಳ್ಳುತ್ತಿತ್ತು. ಹಲ್ಲು ಕಚ್ಚಿ ಮುಂದಿನದಕ್ಕೆ ಹೋದಳು. ಡ್ರೈವರ್ ಬಾಗಿಲಿನಿಂದ ಇಣುಕಿ, ಕಾಫಿಯ ಲೋಟವನ್ನು ಮೆಟ್ಟಿಲ ಮೇಲಿಟ್ಟು ಹೋದ. ಅದು ಆರಿತು. ಆರಿದ್ದನ್ನೇ ಕುಡಿದಳು.

ಮಧ್ಯಾಹ್ನ ಅವನು ಸಸಿಯ ಟ್ರೇ ಹಿಡಿದುಕೊಂಡೇ ಬಂದ.

“ಗುದ್ದಲೀನೂ ತರಬೇಕಿತ್ತು” ಎಂದಳು ಆಕೆ.

“ಬಾಗಿಲ ಹಿಂದೆ ಇಟ್ಟಿದೀನಿ.”

ಹಳಿ ಮುಟ್ಟಲಾಗದಷ್ಟು ಕಾದಿತ್ತು. ಬೆಳಗಿನ ಸಂದುಗಳು ಹಿಗ್ಗಿದ ಹಳಿಗೆ ಬಹುತೇಕ ಮುಚ್ಚಿಹೋಗಿ ಕೂದಲಿನಷ್ಟಾಗಿದ್ದವು. ಉಗಿ ಏರಿತು. ಆಕೆ ಕೈ ತೆಗೆದಳು. ಎಂಜಿನ್ನು ಹೊರಟಿತು, ಈ ಸಲ ಸದ್ದು ಮಾಡುತ್ತ. ಪ್ರತಿ ಸಂದಿನ ಮೇಲೂ ಟಕ್ ಟಕ್, ಹಿಂದಿನ ಬೋಗಿಯಿಂದ ಮತ್ತೆ ಟಕ್ ಟಕ್. ಏನೋ ಸಡಿಲವಾಗಿದೆ ಎಂದು ಆಕೆಗೆ ಮೊದಲು ಅನ್ನಿಸಿತು. ಸಡಿಲವಾಗಿರಬೇಕಾದದ್ದೇ ಸಡಿಲವಾಗಿತ್ತು. ಅಕ್ಕ ಇದ್ದಿದ್ದರೆ ರೈಲು ಎಂದು ಒಪ್ಪುತ್ತಿದ್ದಳು.

ತೊಟ್ಟಿ ದಾಟಿತು. ತಿರುವು ಬಂತು. ಹಳಿ ಮಲಗಿದ್ದಲ್ಲೇ ಮಲಗಿತ್ತು. ಎಂಜಿನ್ನು ಓರೆಯಾಗಿ, ತಡವರಿಸಿ, ತಿರುಗಿತು. ಅಷ್ಟರಲ್ಲಿ ಗೋಡೆಯಾಚೆಯ ಮರದಿಂದ ಉದುರಿದ ಒಣಎಲೆಯೊಂದು ಹಳಿಯ ಮೇಲೆ ಬಂದು ಅಡ್ಡ ಬಿತ್ತು. ಡ್ರೈವರ್ ತನಗೇ ಅರಿವಿಲ್ಲದೆ ಟ್ರೇ ಒಂದು ಕೈಗೆ ಬದಲಿಸಿ ಎಲೆಯತ್ತ ಬಗ್ಗಿದ.

“ಮುಟ್ಟಬೇಡಿ!”

ಅವನ ಕೈ ಅಲ್ಲೇ ನಿಂತಿತು. ಎಂಜಿನ್ನಿನ ಮೂತಿ ಎಲೆಯನ್ನು ಸ್ವಲ್ಪ ದೂರ ನೂಕಿಕೊಂಡು ಹೋಗಿ ಜಲ್ಲಿಗೆ ಬಿಸಾಡಿತು. ಮೆಟ್ಟಿಲು ದಾಟಿ, ಹೊರಟ ಕಡೆಗೇ ಬಂದು, ಅಲ್ಲೂ ನಿಲ್ಲದೆ ಎರಡನೆಯ ಸುತ್ತಿಗೆ ನಡೆಯಿತು.

ಡ್ರೈವರ್ ಬಗ್ಗಿದವನು ನೆಟ್ಟಗಾದ. “ಎಲೆ ತೆಗೀತಾ ಇದ್ದೆ ಕಣೇ, ಸಹಾಯಕ್ಕೆ.”

“ಕೈ ತಾಗಿದ್ರೆ ಲೆಕ್ಕಕ್ಕಿಲ್ಲ ಅಂದವರು ನೀವೇ.”

ಅವನು ಟ್ರೇ ನೋಡಿದ, ಹಿತ್ತಲು ನೋಡಿದ. “ಹಾಗಾದ್ರೆ ಇವನ್ನೆಲ್ಲಿಡಲಿ? ತಲೆ ಮೇಲಾ?”

ಹಲ್ಲಮ್ಮ ಓಡುವ ಎಂಜಿನ್ನಿನಿಂದ ಕಣ್ಣು ತೆಗೆಯಲಿಲ್ಲ. “ಹಳಿ ಗೋಡೆ ಪಕ್ಕದಲ್ಲಿದೆ. ನಡುವೆ ಇಷ್ಟು ನೆಲ ಇದೆಯಲ್ಲ, ಕಣ್ಣು ಕಾಣಲ್ವಾ? ಹಳಿಯಿಂದ ಒಂದು ಮೊಳ ದೂರ ನೆಡಿ. ನೀರು ಹಾಕುವಾಗ ದಾಟಿ ಹೋಗಿ, ತುಳಿದು ಹೋಗಬೇಡಿ.”

“ತುಳಿದೇ ಇಲ್ಲ ಅಂತ ನಿನ್ನೆ ಒಪ್ಪಿಕೊಂಡೆಯಲ್ಲ.”

“ಅದು ನಿನ್ನೆದು. ಇದು ಮುಂದಕ್ಕೆ.”

ಡ್ರೈವರ್ ಗುದ್ದಲಿ ತರಲು ಹೋದ. ಬರುವಾಗ ಬಾಗಿಲ ಬಳಿ ನಿಂತು, ಎಂಜಿನ್ನು ಎದುರಿನಿಂದ ಹಾದುಹೋಗುವವರೆಗೆ ಕಾದು, ಆಮೇಲೆ ಕಾಲೆತ್ತಿ ಹಳಿ ದಾಟಿದ.